ಮಿರಗದ ಗಡ್ಡಿ

"ಇದನ್ನ ಕುರಿ ಕಡದೈತಿ," ಎಂದಳು ಮಾಯವ್ವ.

ತಾಯಿಯಿಂದ ಮೊಬೈಲನ್ನು ವಾಪಸು ತೆಗೆದುಕೊಳ್ಳಲು ವೈಶಾಲಿ ಚಾಚಿದ ಕೈ ಅಲ್ಲೇ ನಿಂತಿತು. ಪರದೆಯ ಮೇಲಿದ್ದದ್ದು ನೂರಮೂವತ್ತು ವರ್ಷ ಹಳೆಯ ಒಣಗಿಡದ ಫೋಟೋ. ಪೆಲ್‌ಹ್ಯಾಮ್ ಎಂಬ ಇಂಗ್ಲಿಷ್ ಅರಣ್ಯಾಧಿಕಾರಿ ಬಿಳಗಿಯ ಡೇರೆಯಲ್ಲಿ ಕಾಗದದ ನಡುವೆ ಒತ್ತಿ ಒಣಗಿಸಿದ್ದ ಗಿಡ. ಒಂದು ಪುಟ್ಟ ಗಡ್ಡೆ, ಮೂರು ಎಲೆ, ಒಂದು ಬಿಳಿ ಹೂವು. ಎಡಗಡೆಯ ಎಲೆ ಅರ್ಧಕ್ಕೆ ತುಂಡಾಗಿತ್ತು. ಒತ್ತುವಾಗ ಮುರಿದಿರಬೇಕು ಎಂದು ಪಂಡಿತರೆಲ್ಲ ತಿಳಿದಿದ್ದರು, ಜಮಖಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ವೈಶಾಲಿಯೂ ಸೇರಿ.

"ಕುರೀನ ಅಂತ ಹೆಂಗ ಹೇಳ್ತಿ ಬೇ?"

"ಆಕಳಾದ್ರ ನಾಲಿಗಿ ಸುತ್ತಿ ಹರೀತೈತಿ, ಜಿಬಿರು ಜಿಬಿರು ಆಕ್ಕೈತಿ. ಆಡು ತುದಿ ಅಷ್ಟ ಚೂಟತೈತಿ. ಕುರಿ ನೆಲಕ್ಕ ಮಾರಿ ಹಚ್ಚಿ ಕತ್ತರಿ ಆಡಿಸಿದಂಗ ಕಡೀತೈತಿ. ಇಷ್ಟೂ ಗೊತ್ತಿರಲಿಲ್ಲೇನ ನಿಮ್ಮ ಸಾಹೇಬಗ?"

ಗೊತ್ತಿರಲಿಲ್ಲ. ಹಾಗೆಂದು ಪೆಲ್‌ಹ್ಯಾಮ್ ಸೋಮಾರಿಯೇನಲ್ಲ. ಇಪ್ಪತ್ತೆರಡು ವರ್ಷ ಈ ಸೀಮೆಯ ಕಲ್ಲುಗುಡ್ಡಗಳನ್ನು ಕಾಲ್ನಡಿಗೆಯಲ್ಲೇ ಅಳೆದವನು. ಎರಡು ಸಲ ಜ್ವರ ಬಂದು ಸಾಯುವ ಹಾಗಾದಾಗಲೂ ಗಿಡಗಳ ಕಟ್ಟನ್ನು ತಲೆದಿಂಬಿನ ಬಳಿಯೇ ಇಟ್ಟುಕೊಂಡು ಮಲಗಿದವನು. ಅವನ ದಿನಚರಿಯನ್ನು ಆರು ವರ್ಷ ಓದಿದ ವೈಶಾಲಿಗೆ ಅವನೆಂದರೆ ಮನೆಯ ಅಜ್ಜನಷ್ಟು ಸಲಿಗೆ. ಬಿಳಗಿಯ ಗುಡ್ಡವನ್ನು ಮೀಸಲು ಕಾಡು ಮಾಡಿ ಕುರಿಗಳನ್ನೆಲ್ಲ ಹೊರಗಟ್ಟಿದ್ದು ಅವನ ದೊಡ್ಡ ಹೆಮ್ಮೆ. ಮರುವರ್ಷ ಈ ಗಿಡ ಕೈಗೆ ಬಂತು. ಆಮೇಲೆ ಒಮ್ಮೆಯೂ ಸಿಗಲಿಲ್ಲ. ಪಿಂಚಣಿ ಪಡೆದು ಇಂಗ್ಲೆಂಡಿಗೆ ಹೋದಮೇಲೂ ಪ್ರತಿ ಜೂನಿನಲ್ಲಿ ಪತ್ರ ಬರೆದು, ಗಿಡ ಎದ್ದಿತೇ ಎಂದು ವಿಚಾರಿಸುತ್ತಿದ್ದ. ಕುರಿಗಳೇ ತಿಂದು ಮುಗಿಸಿದವು ಎಂದು ಕೊನೆಗೆ ಬರೆದಿಟ್ಟು ಸತ್ತ.

ವೈಶಾಲಿಯೂ ಬಿಳಗಿಯ ಗುಡ್ಡವನ್ನು ಆರು ಮಳೆಗಾಲ ಜಾಲಾಡಿದ್ದಳು. ನಾಳೆ ಸೋಮವಾರ, ಅಳಿವಿನಂಚಿನ ಗಿಡಗಳ ಬಗ್ಗೆ ಸರಕಾರಕ್ಕೆ ಅವಳ ವರದಿ ಹೋಗಬೇಕು. ಗಿಡದ ಹೆಸರಿನ ಮುಂದೆ 'ನಿರ್ನಾಮ' ಎಂದು ಬರೆದು ತಾನೇ ಸಹಿ ಮಾಡಬೇಕು. ಆ ಸಂಕಟಕ್ಕೇ ಜೂನಿನ ಈ ಭಾನುವಾರ ಸ್ಕೂಟಿ ಹತ್ತಿ ರನ್ನ ಬೆಳಗಲಿಯ ತವರಿಗೆ ಬಂದು ತಾಯಿಯ ಪಕ್ಕ ಕೂತಿದ್ದಳು.

"ಕುರಿ ಬಿಡದ ಗುಡ್ಡದಾಗ ಕುರಿ ಕಡದ ಗಿಡ ಹೆಂಗ ಸಿಕ್ತು?" ಎಂದು ತನ್ನನ್ನೇ ಕೇಳಿಕೊಂಡಳು, ಕೇಳುತ್ತಲೇ ಹಣೆ ಚಚ್ಚಿಕೊಂಡಳು. ಗಿಡ ಎಲ್ಲಿಂದಲೇ ಬರಲಿ, ಅದರ ಕಾಗದಕ್ಕೆ ಅಂಟಿಸುವ ಚೀಟಿಯಲ್ಲಿ ತಮ್ಮ ಡೇರೆಯ ಊರನ್ನೇ ಬರೆಯುವುದು ಆ ಕಾಲದ ಸಾಹೇಬರ ಚಾಳಿ. ಇದನ್ನು ಯಾರೋ ಕುರಿಗಾರ ತಂದುಕೊಟ್ಟಿರಬೇಕು. ಬಿಳಗಿಯಿಂದ ಅಟ್ಟಿದ ಕುರಿಗಳು, ಆಗ ಈ ಊರೂ ಸೇರಿದ್ದ ಮುಧೋಳ ಸಂಸ್ಥಾನದ ಹದ್ದಿಗೆ ಬಂದಿದ್ದವು. ಇಲ್ಲಿ ಸಾಹೇಬನ ಕಾಯ್ದೆ ನಡೆಯುತ್ತಿರಲಿಲ್ಲ, ಅವನು ಹುಡುಕಲೂ ಬರಲಿಲ್ಲ.

"ಯವ್ವಾ, ಇದನ್ನ ನೀ ಎಲ್ಲ್ಯರ ನೋಡಿಯೇನ?"

"ಮಿರಗದ ಗಡ್ಡಿ ಅದು. ಮಿರಗದ ಮಳಿ ಬಿದ್ದ ಎಂಟ ದಿನಕ್ಕ ಏಳತೈತಿ. ಎಲಿ ಕುರಿ ತಿಂತಾವು, ಹೂವಿಗೆ ಬಾಯಿ ಹಚ್ಚಂಗಿಲ್ಲ, ಕಹಿ."

"ಎಲ್ಲೈತಿ?"

ಮಾಯವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೇಳಂಗಿಲ್ಲ. ಹೇಳಿದ್ರ ನಾಳೆ ಸರಕಾರದವ್ರು ತಂತಿಬೇಲಿ ಬಡೀತಾರ. ನಿಮ್ಮಣ್ಣ ಮಾಳುನ ಇನ್ನೂರ ಕುರಿ ನಿನ್ನ ಕಾಲೇಜಿನಾಗ ಮೇಯ್ತಾವೇನ?"

"ನಾ ಯಾರ ಮಗಳ ಬೇ?"

"ಕುರುಬರ ಮಗಳ ಖರೆ. ಪಗಾರ ಸರಕಾರದ್ದು."

ಮಾತು ಚುಚ್ಚಿತು. ವೈಶಾಲಿಗೆ ಸಿಟ್ಟೂ ಬಂತು, ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲವೆಂಬುದೂ ತಿಳಿಯಿತು. ಚೀಲದಿಂದ ವರದಿಯ ಕಾಗದ ತೆಗೆದು ತಾಯಿಯ ತೊಡೆಯ ಮೇಲಿಟ್ಟಳು. "ನೀ ತೋರಿಸು. ನಿನ್ನ ಮುಂದ ಕುಂತ ಬರೀತೇನಿ. ಕುರಿಗೆ ಕೇಡು ಅನಸಿದ್ರ ನೀನ ಹರದ ಒಗಿ. ನಿರ್ನಾಮ ಅಂತ ಸಹಿ ಮಾಡಿ ಸುಮ್ಮನಾಕ್ಕೇನಿ."

ಮಾಯವ್ವ ಕಾಗದವನ್ನು ಒಂದು ಗಳಿಗೆ ನೋಡಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

ಊರಾಚೆ ಬೀರಪ್ಪನ ಗುಡಿಯ ಹಿಂದೆ ಕೆಂಪು ಗರಸುಮಣ್ಣಿನ ದಿನ್ನೆ. ಮಳೆಗಾಲದಲ್ಲಿ ಎರೆಹೊಲದ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತವೆಂದು ಊರಿನ ಹಿಂಡುಗಳೆಲ್ಲ ಇಲ್ಲಿಗೇ ಬರುತ್ತವೆ. ದಿನ್ನೆಯ ಅರ್ಧಕ್ಕೆ ಐದು ವರ್ಷದ ಹಿಂದೆ ಅರಣ್ಯ ಇಲಾಖೆಯವರು ಸಸಿ ನೆಟ್ಟು ತಂತಿಬೇಲಿ ಎಳೆದಿದ್ದರು. ಅಣ್ಣ ಮಾಳು ಕೆಳಗೆ ಕುರಿಗಳನ್ನು ತಡೆದು ನಿಂತ.

ಬೇಲಿಯ ಈಚೆ ಬಂದ ವೈಶಾಲಿ ಮೊಣಕಾಲೂರಿ ಕುಳಿತವಳು ಮೇಲೇಳಲಿಲ್ಲ. ಬೆರಳುದ್ದದ ಬಿಳಿ ಹೂಗಳು ಗರಸಿನ ತುಂಬ ಎದ್ದಿದ್ದವು. ಸುತ್ತಲಿನ ಎಲೆಗಳೆಲ್ಲ ಕತ್ತರಿ ಆಡಿಸಿದ ಹಾಗೆ ತುಂಡು. ಅವಳಿಗೆ ಅಳು ಬಂತು. ಸಾಹೇಬ ಒಮ್ಮೆ ಇದನ್ನು ನೋಡಬೇಕಿತ್ತು ಅನಿಸಿತು.

ಕಣ್ಣೊರೆಸಿಕೊಂಡು ಎಣಿಸಿದಳು. ನಲವತ್ತೊಂದು. ತಂತಿ ದಾಟಿ ಒಳಗೂ ಹುಡುಕಿದಳು. ಸೊಂಟದುದ್ದ ಹುಲ್ಲು, ಒಂದೂ ಗಡ್ಡೆಯಿಲ್ಲ.

"ಮೊದಲ ಅಲ್ಲೂ ಇದ್ದುವು," ಎಂದಳು ಮಾಯವ್ವ ಬೇಲಿಯ ಹೊರಗಿನಿಂದಲೇ. "ಕುರಿ ಹೋಗೂದು ನಿಂತ ಮ್ಯಾಲ ಹುಲ್ಲ ನುಂಗಿತು."

ಹಾಗಾದರೆ ಬಿಳಗಿಯ ಗುಡ್ಡದಲ್ಲಿ ಈ ಗಿಡ ಎಂದಾದರೂ ಇದ್ದಿದ್ದರೆ ಅಲ್ಲಿ ಆದದ್ದೂ ಇದೇ ಇರಬೇಕು: ಸಾಹೇಬ ಕುರಿ ಅಟ್ಟಿದ, ಹುಲ್ಲು ನುಂಗಿತು. ವೈಶಾಲಿ ಈಚೆ ಬಂದು, ತಾಯಿಯಿಂದ ಕಾಗದ ಇಸಿದುಕೊಂಡು ಕಲ್ಲಿನ ಮೇಲೆ ಕುಳಿತಳು. 'ನಿರ್ನಾಮ' ಎಂಬಲ್ಲಿ ಗೀಟು ಹಾಕಿ, ಊರಿನ ಹೆಸರು ಬರೆದಳು. ಕೆಳಗೆ 'ಗಿಡಕ್ಕಿರುವ ಅಪಾಯ' ಎಂಬ ಸಾಲು. ಅಲ್ಲಿ ಹೋದ ವಾರವೇ, ಪೆಲ್‌ಹ್ಯಾಮನ ಮಾತು ನಂಬಿ, 'ಕುರಿ ಮೇಯಿಸುವಿಕೆ' ಎಂದು ಅವಳೇ ತುಂಬಿಸಿಟ್ಟಿದ್ದಳು. ಅದನ್ನು ಅಕ್ಷರ ಕಾಣದ ಹಾಗೆ ಹೊಡೆದುಹಾಕಿ, ಪಕ್ಕದಲ್ಲಿ ಒಂದೇ ಶಬ್ದ ಬರೆದಳು.

"ಏನ ಬರದಿ? ಓದ," ಎಂದಳು ಮಾಯವ್ವ.

"ಬೇಲಿ."

ಮಾಯವ್ವ ಕೆಳಗೆ ತಿರುಗಿ, ಮಗನಿಗೆ ಕೈಬೀಸಿದಳು. "ಬಿಡಲೇ ಮಾಳೂ!"

ಕುರಿಗಳು ನೆಲಕ್ಕೆ ಮೂತಿ ಹಚ್ಚಿ ದಿನ್ನೆ ಏರತೊಡಗಿದವು. ವೈಶಾಲಿ ಎದ್ದು, ಕಾಗದವನ್ನು ಎದೆಗೊತ್ತಿಕೊಂಡು, ಅವಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.