ಗೌಡರ ಬಾವಿಯ ಕಡೆಯ ಅಕ್ಷರ

ನಾನೊಂದು ಜೇಬಿನ ಕ್ಯಾಮೆರಾ. ಅಂಗೈಯಷ್ಟು ಉದ್ದ, ಎರಡು ಬೆರಳು ದಪ್ಪ, ಬೆಳ್ಳಿ ಬಣ್ಣ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಕಣ್ಣಿನ ಗಾಜು ಕೂರಿಸಿ, ಮೂತಿಯನ್ನು ಮೂರು ಸಲ ಹೊರಗೆ ಒಳಗೆ ಆಡಿಸಿ, ಎಲ್ಲ ಸರಿಯಿದೆ ಎಂದು ಚೀಟಿ ಅಂಟಿಸಿದಳು. ಅಂದಿನಿಂದ ನನಗೆ ನನ್ನ ಮೇಲೆ ಅನುಮಾನ ಬಂದದ್ದಿಲ್ಲ. ಜಂಬ ಎನ್ನುವವರು ಎನ್ನಲಿ ಬಿಡಿ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಮೊದಲು ಕೊಂಡವರು ಗದಗಿನ ಕಡೆಯ ಒಂದು ಊರಿನಲ್ಲಿದ್ದ ಇಂಜಿನಿಯರ್ ಸಾಹೇಬರು. ಮದುವೆ, ಪ್ರವಾಸ, ನಗುಮುಖ ಎಂದು ಏನೇನೋ ಕನಸು ಕಟ್ಟಿಕೊಂಡು ಹೋದೆ. ಸಾಹೇಬರು ನನಗೆ ತೋರಿಸಿದ್ದು ಬಿರುಕು ಬಿಟ್ಟ ಮೋರಿ, ಕುಸಿದ ಚರಂಡಿ, ಹೂಳು. ಮೂರು ವರ್ಷ ಅದೇ ಆಯಿತು. ಆಮೇಲೆ ಅವರಿಗೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಪಕ್ಕದ ಮನೆಯ ಸುಲೋಚನಾ ಅಕ್ಕೋರನ್ನು ಕರೆದು, "ಸಾಲಿ ಹುಡುಗ್ಯಾರ ಫೋಟೋ ತಗಿಯಾಕ ಬರ್ತೈತಿ, ಇಟ್ಕೋರಿ" ಎಂದು ನನ್ನನ್ನು ಅವರ ಕೈಗಿಟ್ಟರು. ಗದಗಿನ ಸೀಮೆಯಲ್ಲಿ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಈ ಅಕ್ಕೋರು ಆ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು.

ಅಬ್ಬಾ, ಆ ಮನೆಗೆ ಬಂದಮೇಲೆ ನನ್ನ ಕಣ್ಣಿಗೆ ಬಣ್ಣ ಬಂತು. ಅಕ್ಕೋರ ತಾಯಿ ದುಂಡವ್ವ ಬಳೆ ಮಾರುವವಳು. ಅರವತ್ತೈದು ದಾಟಿದ್ದರೂ ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿ ಓಣಿ ಓಣಿ ತಿರುಗುತ್ತಿದ್ದಳು. ಎಂಥ ಬಿರುಸು ಕೈಯನ್ನಾದರೂ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಂದು ಬಳೆಯೂ ಒಡೆಯದಂತೆ ಏರಿಸುತ್ತಿದ್ದಳು. ಓದು ಬರಹ ಮಾತ್ರ ಗೊತ್ತಿರಲಿಲ್ಲ. ಮಗಳು ಎಷ್ಟೋ ಸಲ ಹಲಗೆ ಹಿಡಿದು ಕೂತರೂ, "ನನಗ್ಯಾಕವ್ವಾ ಅದು" ಎಂದು ಎದ್ದು ಹೋಗುತ್ತಿದ್ದಳು.

ದುಂಡವ್ವನಿಗೆ ಒಂದೇ ಒಂದು ಹಟ. ಊರ ನಡುವಿನ ಮೆಟ್ಟಿಲು ಬಾವಿಯನ್ನು ಕಟ್ಟಿಸಿದವಳು ತನ್ನ ಆಯಿ, ಅಂದರೆ ಅಜ್ಜಿ, ಈರವ್ವ ಎಂದು ಆಕೆ ಹೇಳುತ್ತಿದ್ದಳು. ಈರವ್ವನೂ ಬಳೆ ಮಾರಿದವಳೇ. ನೀರಿಲ್ಲದ ಓಣಿಯ ಹೆಂಗಸರ ಪಾಡು ನೋಡಲಾರದೆ ಮೈಮೇಲಿನ ಬಂಗಾರ ಬಿಚ್ಚಿಕೊಟ್ಟು ಬಾವಿ ತೋಡಿಸಿದಳಂತೆ. ಊರಿನವರು ಇದಕ್ಕೆ ನಗುತ್ತಿದ್ದರು. ಅವರ ಬಾಯಲ್ಲಿ ಅದು ಗೌಡರ ಬಾವಿ. ದುಂಡವ್ವ ಸಂತೆಗೆ ಹೋದರೆ ಸಾಕು, "ಬಾವಿ ಸಾವ್ಕಾರ್ತಿ ಬಂದ್ಳು, ದಾರಿ ಬಿಡ್ರಪಾ" ಎಂದು ಯಾರಾದರೂ ಒಬ್ಬರು ಕಾಡುತ್ತಿದ್ದರು. ಅವಳು ಮನೆಗೆ ಬಂದು, ಮಾರದೆ ಉಳಿದ ಬಳೆಗಳನ್ನು ಮತ್ತೆ ಮತ್ತೆ ಎಣಿಸುತ್ತ ಕೂರುತ್ತಿದ್ದಳು.

ಬಾವಿಯ ಮೆಟ್ಟಿಲಿನ ನೆತ್ತಿಯಲ್ಲಿ ಉದ್ದನೆಯ ಕರಿಕಲ್ಲು ಇತ್ತು. ಅದರಲ್ಲಿ ಕೊರೆದದ್ದು "ಈರ" ಎಂದು ಶುರುವಾಗಿ, ಅಲ್ಲಿ ಕಲ್ಲು ಚಕ್ಕೆ ಎದ್ದು ಹೋಗಿ, ಮುಂದೆ "ಈ ಬಾವಿಯನ್ನು ಕಟ್ಟಿ" ಎಂಬಲ್ಲಿಗೆ ಪಂಪಿನ ಮನೆಯ ಗೋಡೆಯ ಹಿಂದೆ ಮರೆಯಾಗುತ್ತಿತ್ತು. ಈರವ್ವನೂ ಇರಬಹುದು, ಗೌಡರ ಮನೆತನದ ಈರನಗೌಡನೂ ಇರಬಹುದು. ಕಟ್ಟಿಸಿದನೋ, ಕಟ್ಟಿಸಿದಳೋ, ಅದು ಗೋಡೆಯ ಹಿಂದಿನ ಸಂದಿಯಲ್ಲಿತ್ತು. ಓಣಿಗೆಲ್ಲ ನೀರು ಅದೇ ಪಂಪಿನದು, ಗೋಡೆ ಒಡೆಯುವ ಮಾತೇ ಇಲ್ಲ. ಸಂದಿ ಅಂಗೈ ಅಗಲ, ಒಳಗೆ ಚೇಳುಗಳ ವಾಸ. ಕೈ ಹಾಕುವ ಗಂಡು ಆ ಊರಿನಲ್ಲಿ ಹುಟ್ಟಿರಲಿಲ್ಲ.

ಆ ವರ್ಷ ಬಾವಿಯ ಹೂಳು ತೆಗೆಸಿ ಸಮಿತಿ ಮಾಡಿದರು. ಈರನಗೌಡನ ಮೊಮ್ಮಗ ದ್ಯಾಮನಗೌಡರು ಅಧ್ಯಕ್ಷರು. ಭಾನುವಾರ ಗ್ರಾನೈಟ್ ಫಲಕ ಕೂರಿಸುವುದೆಂದೂ, ಅದರ ಮೇಲೆ "ಈರನಗೌಡರು ಕಟ್ಟಿಸಿದ ಬಾವಿ" ಎಂದು ಕೊರೆಸುವುದೆಂದೂ ನಿಶ್ಚಯವಾಯಿತು. ಕೊರೆಯುವವನಿಗೆ ಬರಹ ಶನಿವಾರ ಸಂಜೆಯೊಳಗೆ ಹೋಗಬೇಕಿತ್ತು. ಒಮ್ಮೆ ಕಲ್ಲಿನಲ್ಲಿ ಕೊರೆದರೆ ಮುಗಿಯಿತು, ದುಂಡವ್ವ ಸಾಯುವ ತನಕ ಸುಳ್ಳುಗಾರ್ತಿಯೇ.

ಸಮಿತಿಯ ಪುಸ್ತಕಕ್ಕೆ ಚಿತ್ರ ತೆಗೆಯಲು ಧಾರವಾಡದಿಂದ ಸುಹಾಸ ಎಂಬ ಫೋಟೋಗ್ರಾಫರ್ ಶುಕ್ರವಾರ ಬಂದರು. ಅವರ ಕೊರಳಲ್ಲಿ ಕರಿಯ, ಭಾರದ, ದೊಡ್ಡ ಕ್ಯಾಮೆರಾ. ಶಾಸನದ ಅಕ್ಷರ ಓದಿಸಲು ಅಕ್ಕೋರ ಮನೆಗೇ ಬಂದು ಲ್ಯಾಪ್‌ಟಾಪ್ ಬಿಚ್ಚಿದರು. ಅದೇ ಕಲ್ಲನ್ನು ಅಕ್ಕೋರು ನನ್ನಿಂದಲೂ ತೆಗೆದಿದ್ದರು. ಎರಡೂ ಚಿತ್ರ ಪಕ್ಕ ಪಕ್ಕ ಕೂತವು.

ಸುಳ್ಳೇಕೆ ಹೇಳಲಿ? ಆ ಕರಿಯ ಕ್ಯಾಮೆರಾ ಇದ್ದನಲ್ಲ, ಅವನ ಚಿತ್ರ ನೋಡಿ ನಾನೇ ಬೆರಗಾದೆ. ಹಿಗ್ಗಿಸಿದಷ್ಟೂ ಹಿಗ್ಗುತ್ತಿತ್ತು. ಅಕ್ಷರದ ಕೊರೆತದೊಳಗೆ ಒಂದು ಇರುವೆ, ಅದರ ಸೊಂಟ, ಕಾಲು, ಎಲ್ಲ ಕಾಣುತ್ತಿದ್ದವು. ನನ್ನದನ್ನು ಹಿಗ್ಗಿಸಿದರೆ ನೆರಳಿದ್ದ ಕಡೆಯೆಲ್ಲ ರವೆ ಚೆಲ್ಲಿದಂತೆ ಕಾಳು ಕಾಳು. ಬಿಸಿಲು ಬಿದ್ದ ಅಂಚಿಗೆ ನೇರಳೆ ಗೆರೆ ಬೇರೆ. ಬೆಳಕು ಹಿಡಿಯುವ ಅವನ ಹಲಗೆ ಅಂಚೆ ಚೀಟಿಯಷ್ಟು ದೊಡ್ಡದು, ನನ್ನದು ಕಿರುಬೆರಳಿನ ಉಗುರಿನಷ್ಟು. ಇದ್ದದ್ದು ಇದ್ದ ಹಾಗೆ ಒಪ್ಪಿಕೊಳ್ಳಲು ನನಗೇನು ನಾಚಿಕೆ?

"ಭಾಳ ಛಂದ ಬಂದೈತ್ರಿ," ಎಂದರು ಅಕ್ಕೋರು. "ಆದ್ರ ಕಡೀ ಅಕ್ಷರ ಇದರಾಗೂ ಇಲ್ಲ."

"ನನ್ನ ಕ್ಯಾಮೆರಾದ ಮೂತೀನ ಗೇಣುದ್ದ ಅದ್ರಿ. ಆ ಸಂದಿಯೊಳಗ ಹೆಂಗ ಹೊಗಿಸ್ಲಿ?" ಎಂದರು ಸುಹಾಸ. ಅಷ್ಟು ಹೇಳಿ, ಮೇಜಿನ ಮೇಲಿದ್ದ ನನ್ನನ್ನು ಎತ್ತಿ ತಿರುವಿ ನೋಡಿದರು. "ಇದು ಹೋಗ್ತದ ಅಲ್ರೀ?"

ಹೋಗದೆ ಏನು! ಮೂರು ವರ್ಷ ಮೋರಿ ನೋಡಿದವನು ನಾನು.

ಶನಿವಾರ ಮಧ್ಯಾಹ್ನ ಬಾವಿಯ ಬಳಿ ಅರ್ಧ ಊರು ಸೇರಿತ್ತು. ದುಂಡವ್ವ ಮಾತ್ರ ಸೆರಗು ಬಿಗಿದುಕೊಂಡು ದೂರ ನಿಂತಿದ್ದಳು. ದ್ಯಾಮನಗೌಡರು ಮೀಸೆಯೊಳಗೆ ನಗುತ್ತ, "ನೋಡ್ರಿ ಅಕ್ಕೋರ, ನು ಇದ್ರ ನಮ್ಮ ಮುತ್ಯಾ. ರು ಇದ್ರೂ ನಮ್ಮ ಮುತ್ಯಾನ. ಳು ಇದ್ರ ಅಷ್ಟ ನಿಮ್ಮಾಕಿ. ಆತಿಲ್ಲೋ?" ಎಂದರು.

ನನ್ನನ್ನು ಒಂದು ಬಿದಿರು ಕೋಲಿನ ತುದಿಗೆ ಸುತಲಿ ಹಗ್ಗದಿಂದ ಬಿಗಿದರು. ಹತ್ತಿರದ್ದನ್ನು ನೋಡುವ ಹೂವಿನ ಗುರುತಿಗೆ ನನ್ನನ್ನು ತಿರುಗಿಸಿ, ಹತ್ತು ಎಣಿಸಿದ ಮೇಲೆ ತಾನೇ ಚಿತ್ರ ತೆಗೆಯುವಂತೆ ಗುಂಡಿ ಒತ್ತಿ, ಅಕ್ಕೋರು ಕೋಲನ್ನು ಸಂದಿಯೊಳಗೆ ತಳ್ಳಿದರು. ಮೊದಲ ಸಲ ನನ್ನ ಫ್ಲ್ಯಾಶ್ ಹೊಡೆದು ಎಲ್ಲ ಬೆಳ್ಳಗಾಯಿತು. ಸುಣ್ಣದ ಗೋಡೆಯ ಹಾಗೆ ಬರೀ ಬಿಳುಪು. ಗೌಡರ ಕಡೆಯವರು ಹೋ ಎಂದು ನಕ್ಕರು.

"ಬೆಳಕು ಎದುರಿಂದ ಬ್ಯಾಡ್ರಿ, ಮಗ್ಗಲದಿಂದ ಬೀಳಬೇಕು. ಆವಾಗ ಕೊರೆದದ್ದು ಎದ್ದು ಕಾಣ್ತದ," ಎಂದರು ಸುಹಾಸ. ಯಾರದೋ ಮನೆಯಿಂದ ಸ್ಟೀಲಿನ ಊಟದ ತಾಟು ಬಂತು. ಅದನ್ನು ಬಿಸಿಲಿಗೆ ಹಿಡಿದು ಸಂದಿಯೊಳಕ್ಕೆ ಬೆಳಕು ಹಾಯಿಸಬೇಕು. ದೂರ ನಿಂತಿದ್ದ ದುಂಡವ್ವ ಬಂದು ತಾಟನ್ನು ಕಸಿದುಕೊಂಡಳು.

ಒಳಗೆ ಹಳೆಯ ಸುಣ್ಣದ ವಾಸನೆ. ನನ್ನ ಕೆಂಪು ದೀಪ ಮಿಣುಕತೊಡಗಿತು. ಅಷ್ಟರಲ್ಲಿ ತಾಟಿನ ಬೆಳಕು ಕಲ್ಲನ್ನು ಸವರಿಕೊಂಡು ಬಂತು, ಅಕ್ಷರಗಳ ಅಂಚಿಗೆ ನೆರಳು ಹುಟ್ಟಿತು. ನಾನು ಕಣ್ಣು ತೆರೆದು ಮುಚ್ಚಿದೆ.

ಹೊರಗೆ ಎಳೆದು ಎಲ್ಲರೂ ಬಗ್ಗಿ ನೋಡಿದರು. "ಸಿದ" ಇತ್ತು. ಅದರ ಮುಂದೆ "ಳು" ಇತ್ತು. ಅದರ ಮೈಮೇಲೆಯೇ ಒಂದು ಕರಿಚೇಳೂ ಕೂತಿತ್ತು!

"ಅದು ಚೇಳಿನ ಕೊಂಡೀರಿ!" ಎಂದು ಕೂಗಿದರು ಗೌಡರು. "ಕೊಂಡಿ ಸುತ್ತಿಕೊಂಡೈತಿ, ಅದಕ್ಕ ಳು ಕಂಡಂಗ ಕಾಣ್ತೈತಿ. ಫೋಟೋ ಬ್ಯಾರೆ ಕಾಳ ಕಾಳ ಐತಿ, ಇದನ್ನ ಹೆಂಗ ನಂಬೋದು?"

"ಚೇಳಿನ ಹೆಸರಾಗೂ ಳು ಐತಲ್ರೀ ಗೌಡ್ರ" ಎಂದು ಯಾರೋ ಹಿಂದಿನಿಂದ ಅಂದರು. ಜನವೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ನನ್ನ ಚಿತ್ರವನ್ನು ಕಾಳು ಎನ್ನಿ, ಮಬ್ಬು ಎನ್ನಿ, ಸುಳ್ಳು ಎನ್ನಬೇಡಿ.

"ಇನ್ನೊಮ್ಮೆ ತಗೀರಿ" ಎಂದಳು ದುಂಡವ್ವ. ಸಂದಿಯ ಬಾಯಲ್ಲಿ ತಾಟಿನ ಬೆಳಕು ನಡುಗುತ್ತಿತ್ತು.

"ಯವ್ವಾ, ತಾಟ ನನ್ನ ಕೈಯಾಗ ಕೊಡು," ಎಂದರು ಅಕ್ಕೋರು.

"ಬ್ಯಾಡ. ನಾನ ಹಿಡೀತೀನಿ."

ಚೇಳು ಸರಿಯಲೆಂದು ಸುಹಾಸ ಕೋಲಿನ ತುದಿಯಿಂದ ಕಲ್ಲನ್ನು ಕುಟ್ಟಿದರು. ಸ್ವಲ್ಪ ಹೊತ್ತು ಕಾದು ನನ್ನನ್ನು ಮತ್ತೆ ಕಟ್ಟಿ ಒಳಗೆ ಬಿಟ್ಟರು. ಹತ್ತು ಎಣಿಸಿದೆ. ಅಷ್ಟು ಉದ್ದನೆಯ ಹತ್ತನ್ನು ನಾನು ಜನ್ಮದಲ್ಲಿ ಎಣಿಸಿಲ್ಲ. ಆ ಎಣಿಕೆ ಮುಗಿಯುವ ಹೊತ್ತಿಗೆ ಬೆಳಕು ಅಲುಗಾಡದೆ ನಿಂತಿತ್ತು. ಆ ಮುದುಕಿ ಉಸಿರು ಬಿಗಿಹಿಡಿದಿರಬೇಕು.

ಸುಹಾಸ ಹಿಂದಿನ ಚಿತ್ರವನ್ನೂ ಇದನ್ನೂ ಲ್ಯಾಪ್‌ಟಾಪಿನಲ್ಲಿ ಜೊತೆಗಿಟ್ಟರು. ಚೇಳು ಒಂದು ಗೇಣು ಆಚೆ ಹೋಗಿತ್ತು. ಅಕ್ಷರ ಇದ್ದಲ್ಲೇ ಇತ್ತು.

"ಗೌಡ್ರ," ಎಂದರು ಸುಹಾಸ, "ನನ್ನ ಕ್ಯಾಮೆರಾದಾಗ ಇರುವಿ ಕಾಲು ಎಣಸಬಹುದ್ರಿ. ಆದ್ರ ನಿಮ್ಮೂರಿಗೆ ಬೇಕಾದ ಅಕ್ಷರ ಇದರಾಗ ಅದ."

ದ್ಯಾಮನಗೌಡರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ದುಂಡವ್ವನ ಎದುರು ಹೋಗಿ ನಿಂತು, "ಚೇಳು ಸರದೈತಿ, ಅಕ್ಷರ ಸರದಿಲ್ಲ. ತಪ್ಪು ನಮ್ಮದ ಆತು, ದುಂಡವ್ವ. ನಾಳೆ ಫಲಕದ ಮ್ಯಾಲಿನ ಬಟ್ಟಿ ನೀನ ಸರಸಬೇಕು" ಎಂದರು. ಹಟದ ಮನುಷ್ಯ, ಆದರೆ ದೊಡ್ಡ ಮನುಷ್ಯ. ದುಂಡವ್ವ ತಾಟನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟಳು.

ಇದೆಲ್ಲ ಆಗಿ ಹತ್ತು ಹನ್ನೆರಡು ವರ್ಷವಾಯಿತು. ನನ್ನ ಮೂತಿ ಈಗ ಅರ್ಧ ಹೊರಗೆ ಬಂದು ಸಿಕ್ಕಿಹಾಕಿಕೊಂಡಿದೆ, ಬ್ಯಾಟರಿ ಸತ್ತಿದೆ. ಅಕ್ಕೋರ ಮನೆಯ ಗಾಜಿನ ಕಪಾಟಿನಲ್ಲಿ ಶಾಲೆಯ ಬಹುಮಾನದ ಕಪ್ಪುಗಳ ನಡುವೆ ನನ್ನ ಜಾಗ. ಆ ಕರಿಯ ಕ್ಯಾಮೆರಾವನ್ನೂ ಸುಹಾಸ ಮಾರಿದರಂತೆ. ಈಗಿನ ಮೊಬೈಲು ನಮ್ಮಿಬ್ಬರನ್ನೂ ಮೀರಿಸಿದೆ ಎನ್ನುತ್ತಾರೆ, ಮೀರಿಸಲಿ. ಯಾರ ಚಿತ್ರ ಮೇಲು ಎಂದು ಕೇಳಿದರೆ ಇಂದಿಗೂ ಆ ಕರಿಯನದೇ ಎನ್ನುತ್ತೇನೆ. ಆದರೆ ಚಿತ್ರ ಮೇಲಾಗುವುದಕ್ಕೆ ಮೊದಲು ಅದು ಬೇಕಾದಲ್ಲಿಗೆ ಹೋಗಿ ಬರಬೇಕು. ಹೋಗಿ ಬಂದವನು ನಾನು.

ಅಂದು ಎಲ್ಲರೂ ಚದುರಿದ ಮೇಲೆ ದುಂಡವ್ವ ಮಗಳನ್ನು ಕೇಳಿದ್ದಳು, "ಅದರಾಗ ನಮ್ಮ ಆಯಿ ಯಾವಾಕಿ, ತೋರಸು." ಅಕ್ಕೋರು ಅವಳ ಬೆರಳು ಹಿಡಿದು ನನ್ನ ಪರದೆಯಲ್ಲಿದ್ದ "ಳು" ಮೇಲೆ ಇಟ್ಟು ತೋರಿಸಿದರು. ಜನ್ಮದಲ್ಲಿ ಅವಳು ಕಲಿತದ್ದು ಆ ಒಂದೇ ಅಕ್ಷರ. ಈಗ ಬೆಳಗಾದರೆ ಪೇಪರು ಹರವಿಕೊಂಡು ಕೂರುತ್ತಾಳೆ, ಬೆರಳಿಟ್ಟು ಹುಡುಕುತ್ತಾಳೆ. ಗೆದ್ದಳು, ಹಾಡಿದಳು, ಮಕ್ಕಳು, ಊರುಗಳು, ಮರಗಳು. "ಇಲ್ಲಿ ಅದಾಳ ನೋಡು. ಇಲ್ಲೂ ಅದಾಳ" ಎನ್ನುತ್ತಾಳೆ.

ಅಕ್ಕೋರು ಎಷ್ಟಾದರೂ ಕನ್ನಡ ಕಲಿಸಿದವರು, ಒಂದು ದಿನ ತಡೆಯಲಾರದೆ ತಿದ್ದಿದರು. "ಯವ್ವಾ, ಎಲ್ಲಾ ಕಡೆ ಹಂಗಲ್ಲ. ಊರುಗಳು, ಮರಗಳು ಅಂದ್ರ ಅದು ಬಹುವಚನ. ಭಾಳ ಅದಾವ ಅಂತ ಅರ್ಥ."

ದುಂಡವ್ವ ಪೇಪರಿನ ಮೇಲಿನ ಬೆರಳು ತೆಗೆಯಲಿಲ್ಲ.

"ಮತ್ತ? ಆಕಿ ನೀರು ಕುಡದಾವ್ರು ಕಡಿಮಿ ಮಂದಿ ಏನು?"