ಸದ್ದು ಮೊದಲು, ಚೆಂಡು ಆಮೇಲೆ

"ನನಗೆ ಕೇಳಿಸಿತ್ತೇನು?"

ಅಂಪೈರ್‌ಗಳ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಜೊತೆಯ ಅಂಪೈರ್ ಸ್ನಾನಕ್ಕೆ ಹೋಗಿದ್ದ. ತನ್ನನ್ನೇ ಹಾಗೆ ಕೇಳಿಕೊಂಡ ಅಂಪೈರ್ ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚುವುದು ಮರೆತು, ಕಿಟಕಿಯ ತನಕ ಹೋದ, ಬಂದ, ಕೂತ, ಮತ್ತೆ ಎದ್ದ. ಒಂದು ಕಾಲು ಟಪ್ ಎನ್ನುತ್ತಿತ್ತು, ಇನ್ನೊಂದಕ್ಕೆ ಸದ್ದೇ ಇರಲಿಲ್ಲ. ಮೇಜಿನ ಮೇಲೆ ದಿನದ ವರದಿಯ ಹಾಳೆ ಕಾಯುತ್ತಿತ್ತು. ಕತ್ತಲಾಗುವುದರೊಳಗೆ ಅದನ್ನು ಬರೆದು ಕೊಡಬೇಕು.

ಊಟದ ನಂತರದ ಮೂರನೇ ಓವರಿನಲ್ಲಿ ಆದದ್ದು ಅದು. ಬ್ಯಾಟ್ ಹಿಡಿದವನಿಗೆ ಮೂವತ್ತೇಳು ವಯಸ್ಸು. ತಂಡದ ಹುಡುಗರು ಅವನನ್ನು ತಾತ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಮುಂದಿನ ಸರಣಿಗೆ ತಂಡ ಆರಿಸುವವರು ನಾಳೆ ಬೆಳಿಗ್ಗೆ ಕೂರುವವರಿದ್ದರು. ತಾತನಿಗೆ ಇದೇ ಕೊನೆಯ ಅವಕಾಶವೆಂದು ಮೈದಾನಕ್ಕೆಲ್ಲ ಗೊತ್ತಿತ್ತು. ಚೆಂಡು ಬ್ಯಾಟನ್ನು ಸವರಿಕೊಂಡು ಹೋದಂತೆ ಹೋಗಿ ಕೀಪರನ ಕೈ ಸೇರಿತು. ಹನ್ನೊಂದು ಕೊರಳು ಒಟ್ಟಿಗೆ ಕೂಗಿದವು. ಅಂಪೈರನ ಬೆರಳು ಮೇಲೆ ಹೋಯಿತು. ಹೋದ ಮೇಲೆ ಅವನಿಗೆ ಅನುಮಾನ ಬಂತು. ಕಿವಿ ಏನನ್ನೋ ಕೇಳಿದ್ದು ನಿಜ, ಆದರೆ ಕೇಳಿದ್ದು ಚೆಂಡು ದಾಟಿದ ಮೇಲೆ.

ತಾತ ಆ ಕ್ಷಣವೇ ಮರುಪರಿಶೀಲನೆ ಕೇಳಿದ. ದೊಡ್ಡ ಪರದೆಯಲ್ಲಿ ಚೆಂಡು ಬ್ಯಾಟಿನ ಪಕ್ಕಕ್ಕೆ ಬಂದಾಗಲೇ ಕೆಳಗಿನ ಸದ್ದಿನ ಗೆರೆ ಮುಳ್ಳಿನಂತೆ ಎದ್ದು ನಿಂತಿತು. ಔಟ್. ಹೊರಡುವಾಗ ತಾತ ಬ್ಯಾಟಿನ ಅಂಚನ್ನು, ಗಾಯ ಎಲ್ಲಿದೆಯೆಂದು ನೋಡುವವನ ಹಾಗೆ, ಹೆಬ್ಬೆರಳಿನಿಂದ ಸವರಿ ನೋಡಿದ.

"ನಿಮಗೆ ಸರಿಯಾಗಿ ಕೇಳಿಸದಿದ್ರೂ ಮಷೀನಿಗಾದ್ರೂ ಕಿವಿ ಇರುತ್ತೆ ಅಂದ್ಕೊಂಡಿದ್ದೆ ಸಾರ್," ಎಂದಷ್ಟೇ ಹೇಳಿ ಹೋದ.

ಜೊತೆಯ ಅಂಪೈರ್ ತಲೆ ಒರೆಸಿಕೊಳ್ಳುತ್ತ ಬಂದು, ಮಷೀನೇ ಮುದ್ರೆ ಒತ್ತಿದ ಮೇಲೆ ಇನ್ನೇನು ಚಿಂತೆ ಎಂದು ಕೇಳಿದ. ಹೆಂಡತಿ ಒಪ್ಪಿಕೊಂಡ ಮಾತನ್ನು ಮತ್ತೆ ಕೆದಕುವವನು ಲೋಕದಲ್ಲಿ ನೀನೊಬ್ಬನೇ ಎಂದು ನಕ್ಕ. ಅಂಪೈರ್ ನಗಲಿಲ್ಲ. ಅವನ ಕಿವಿ ತಾಯಿಯ ಪದ್ಯ ಕೇಳುತ್ತ ಬೆಳೆದ ಕಿವಿ. ಅವಳು ಕೆಲಸದ ನಡುವೆ ಹೇಳಿಕೊಳ್ಳುತ್ತಿದ್ದ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ, ಅರ್ಥ ತಿಳಿಯದ ವಯಸ್ಸಿನಲ್ಲೂ ಅವನ ತಲೆ ತಾನಾಗಿ ಮೇಲೇಳುತ್ತಿತ್ತು. ಇವತ್ತೂ ಎಲ್ಲೋ ಮಾತ್ರೆ ಕೆಟ್ಟಿತ್ತು. ದೇವರೇ, ಎಲ್ಲಿ ಎಂದು ತೋರಿಸು ಎಂದುಕೊಂಡು, ಬಿಚ್ಚಿದ ಬೂಟನ್ನು ಮತ್ತೆ ತೊಟ್ಟು, ವರದಿಯ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೊರಟ.

ಮರುಪರಿಶೀಲನೆಯ ಸದ್ದು, ಚಿತ್ರ ಜೋಡಿಸುವ ಕೆಲಸ ಅವನ ಭಾಮೈದನದು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಅವನು ವೈರು ಸುತ್ತುತ್ತಿದ್ದ. ಭಾವನನ್ನು ಕಂಡವನೇ, ಅಕ್ಕ ಫೋನ್ ಮಾಡಿದ್ದಳು, ನಿಮ್ಮ ಬೆರಳು ಟೀವಿಯಲ್ಲಿ ಚೆನ್ನಾಗಿ ಕಾಣಿಸಿತಂತೆ ಎಂದು ಚುಡಾಯಿಸಿದ. ಅಂಪೈರ್ ಆ ಚೆಂಡನ್ನು ಇನ್ನೊಮ್ಮೆ ಹಾಕೆಂದ. ನೋಡಿದರೆ ಮತ್ತೆ ಅದೇ ಮುಳ್ಳು, ಅದೇ ಜಾಗ.

"ಅದರ ಹಿಂದಿನ ಓವರ್‌ದು ಹಾಕು. ತಾತ ಬೌಂಡರಿ ಹೊಡೆದದ್ದು."

ಭಾಮೈದ ಹಾಕಿದ. ಒಂದೊಂದೇ ಚಿತ್ರವಾಗಿ ಚೆಂಡು ಬಂತು. ಅದು ಬ್ಯಾಟಿಗಿಂತ ಇನ್ನೂ ಒಂದು ಮೊಳ ಆಚೆ ಇರುವಾಗಲೇ ಸದ್ದಿನ ಗೆರೆ ಎದ್ದುಬಿಟ್ಟಿತು.

"ಮುಟ್ಟೋಕೆ ಮುಂಚೆನೇ ಕೂಗ್ತಿದೆಯಲ್ಲೋ," ಎಂದ ಅಂಪೈರ್.

ಭಾಮೈದ ವೈರು ಕೆಳಗಿಟ್ಟು ಪರದೆಯ ಹತ್ತಿರಕ್ಕೆ ಬಗ್ಗಿದ. ಚಿತ್ರ ಸದ್ದಿಗಿಂತ ತಡವಾಗಿ ಬರುತ್ತಿತ್ತು. ಹಾಗಾದರೆ ತಾತನ ಚೆಂಡಿನಲ್ಲಿ ಎದ್ದ ಮುಳ್ಳು, ಚೆಂಡು ದಾಟಿದ ಮೇಲೆ ಬ್ಯಾಟು ಅವನದೇ ಪ್ಯಾಡಿಗೆ ಬಡಿದ ಸದ್ದು. ಊಟದ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟು ಬೇರೆಯದನ್ನು ಹಾಕಿದ್ದರು. ಕ್ಯಾಮೆರಾ ಬದಲಾದಾಗಲೆಲ್ಲ ಒಬ್ಬ ಪಿಚ್ಚಿಗೆ ಹೋಗಿ ಸ್ಟಂಪನ್ನು ಬ್ಯಾಟಿನಿಂದ ತಟ್ಟಬೇಕು, ಆ ತಟ್ಟಿಗೆ ಚಿತ್ರವನ್ನೂ ಸದ್ದನ್ನೂ ಗಂಟು ಹಾಕಬೇಕು.

"ತಟ್ಟಲಿಲ್ವಾ?"

"ತಟ್ಟೋಕೆ ಅಂತಾನೇ ಬಂದಿದ್ದೆ ಭಾವ. ಟೈಮಾಯ್ತು, ಆಚೆ ನಡಿ ಅಂತ ಅಟ್ಟಿದ್ದು ನೀವೇ."

ಹೌದು, ಅಟ್ಟಿದ್ದ. ಬ್ಯಾಟು ಹಿಡಿದು ಬರುತ್ತಿದ್ದ ಭಾಮೈದನಿಗೆ ದೂರದಿಂದಲೇ ಕೈ ಬೀಸಿ, ಹಿಂದಕ್ಕೆ ನಡಿ ಎಂದಿದ್ದ. ಅಂಪೈರ್ ಆ ಕೋಣೆಯಲ್ಲಿ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ನಡೆದ. ಮೂರನೆಯದಕ್ಕೆ ಜಾಗವಿರಲಿಲ್ಲ. ಕೊನೆಗೆ ಕೂತು, ವರದಿಯ ಹಾಳೆಯನ್ನು ಜೇಬಿನಿಂದ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಮೊದಲು ತಾನು ಅಟ್ಟಿದ್ದನ್ನು ಬರೆದ.

ಭಾಮೈದ ಬಗ್ಗಿ ಓದಿದ. ಬರೆದರೆ ಸ್ಕೋರೇನೂ ಬದಲಾಗುವುದಿಲ್ಲ ಎಂದ. ತಾತ ಇವತ್ತಲ್ಲ ನಾಳೆ ಮನೆಗೆ ಹೋಗುವವನೇ ಎಂದ. ಆರಿಸುವವರು ಇದನ್ನು ಓದಿ ತಾತನನ್ನು ಇಟ್ಟುಕೊಂಡರೂ ಕೆಲಸ ಕೊಟ್ಟವರು ತನ್ನನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ, ಹೋದ ತಿಂಗಳು ಒಮ್ಮೆ ಎಚ್ಚರಿಕೆ ಕೊಟ್ಟಾಗಿದೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು. ಅಂಪೈರನ ಪೆನ್ನು ಮುಂದಿನ ಸಾಲಿನ ಮೇಲೆ ನಿಂತಿತ್ತು. ಮನೆಗೆ ಹೋದರೆ ಹೆಂಡತಿಗೆ ಯಾವ ಮುಖ ತೋರಿಸುವುದೆಂದು ಅವನಿಗೆ ತಿಳಿಯಲಿಲ್ಲ.

"ನಿಮ್ಮದನ್ನ ಬೇಕಾದ್ರೆ ಬರ್ಕೊಳ್ಳಿ ಭಾವ. ಸ್ಟಂಪ್ ತಟ್ಟಿಲ್ಲ, ಸದ್ದು ತಪ್ಪಿದೆ ಅನ್ನೋ ಸಾಲೊಂದು ಬಿಟ್ಬಿಡಿ. ಅಕ್ಕನ ಮುಖ ನೋಡಿಯಾದ್ರೂ."

"ಬಿಡೋದಿಲ್ಲ," ಎಂದ ಅಂಪೈರ್.