ತಂಗಿಯ ಹೆಬ್ಬೆಟ್ಟು

ಬಾಡಿಗೆ ಮನೆಯಲ್ಲಿ ಇದ್ದು ಬಂದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಸ್ವಂತ ಮನೆಯಲ್ಲೇ ಹುಟ್ಟಿ ಬೆಳೆದವರು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಕೇಳಬೇಕು.

ಕಾಪು ಪೇಟೆಯಲ್ಲಿ ಜೋಕಿಮ್ ಎಂಬ ದರ್ಜಿ ಇದ್ದ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಏಳು ಬಾಡಿಗೆ ಮನೆ ಕಂಡಿದ್ದ. ಒಂದು ಮನೆಯ ಧನಿಗೆ ಮಗಳ ಮದುವೆ ಬಂತು, ಇನ್ನೊಂದರ ಧನಿಗೆ ಬೊಂಬಾಯಿಯಿಂದ ತಮ್ಮ ಬಂದ, ಮತ್ತೊಂದರ ಧನಿಗೆ ಕಾರಣವೇ ಬೇಕಾಗಲಿಲ್ಲ. ಪ್ರತಿ ಸಲವೂ ಹೊಲಿಗೆ ಮೆಷಿನು, ದೇವರ ಪಟಗಳು, ಮಂಚ, ಕೊನೆಗೆ ರುಬ್ಬುವ ಕಲ್ಲು ಗಾಡಿ ಏರಬೇಕು. ಆ ಕಲ್ಲು ಎತ್ತುವಾಗಲೆಲ್ಲ ಹೆಂಡತಿ ಮ್ಯಾಗ್ಡಲಿನ್ ಒಂದೂ ಮಾತಾಡದೆ ಬೇರೆ ಕಡೆ ನೋಡುತ್ತಿದ್ದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು ಎಂದು ಜೋಕಿಮನಿಗೆ ಅನಿಸುತ್ತಿತ್ತು.

ಐವತ್ತೊಂಬತ್ತನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಏಳನೆಯ ಮನೆಯ ಧನಿಯೂ ಅಂಗಳಕ್ಕೆ ಬಂದು ಕೆಮ್ಮಿದ. ಕ್ರಿಸ್ಮಸಿನ ಒಳಗೆ ಮನೆ ಬಿಡಬೇಕಂತೆ. ಜೋಕಿಮ್ ಆಗಲಿ ಎಂದ. ವಾದ ಮಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಅದೇ ವಾರ ಕಡಲ ಬದಿಯ ಕೂಸಪ್ಪ ಮನೆ ಮಾರುತ್ತಾನೆ ಎಂಬ ಸುದ್ದಿ ಸಿಕ್ಕಿತು. ಕೂಸಪ್ಪ ದೋಣಿಯಲ್ಲಿ ಮೀನಿಗೆ ಹೋಗುವವ. ಕುಡಿತ ಇಲ್ಲ, ಜಗಳ ಇಲ್ಲ, ಊರಲ್ಲಿ ಒಳ್ಳೆಯ ಹೆಸರು. ಮನೆಯೂ ಒಳ್ಳೆಯದೇ. ಹೆಂಚಿನ ಮಾಡು, ಮೂರು ಕೋಣೆ, ಕಡಲು ಅಷ್ಟು ಹತ್ತಿರವಿದ್ದರೂ ಉಪ್ಪು ತಾಗದ ಬಾವಿ. ಗಂಡಹೆಂಡಿರ ಅಷ್ಟೂ ವರ್ಷಗಳ ಉಳಿತಾಯ, ಮ್ಯಾಗ್ಡಲಿನಳ ಬಳೆಗಳು, ಎಲ್ಲ ಸೇರಿದರೆ ಕ್ರಯಕ್ಕೆ ಸರಿಯಾಗುತ್ತಿತ್ತು. ಮತ್ತೆ ಏನೂ ಉಳಿಯುತ್ತಿರಲಿಲ್ಲ.

ಹಾಗೆಂದು ಜೋಕಿಮ್ ಕಣ್ಣುಮುಚ್ಚಿಕೊಂಡು ಹೊರಟವನಲ್ಲ. ಮನೆಯ ಮೇಲೆ ಅಡವು ಗಿಡವು ಉಂಟೋ ಎಂದು ತಿಳಿಯಲು ಉಡುಪಿಯ ರಿಜಿಸ್ಟ್ರಿ ಕಚೇರಿಯಿಂದ ಎನ್‌ಕಂಬರೆನ್ಸ್ ಸರ್ಟಿಫಿಕೇಟು ತೆಗೆಸಿದ. ಏನೂ ಇರಲಿಲ್ಲ. ಜಾಗದ ಪಟ್ಟೆ ನೋಡಿದ, ಕೂಸಪ್ಪನ ಹೆಸರಿತ್ತು. ತೀರ್ವೆ ಕಟ್ಟಿದ ರಶೀದಿಗಳೂ ಅವನ ಹೆಸರಿನಲ್ಲೇ ಇದ್ದವು. ಅಷ್ಟು ಸಾಲದು ಎಂದು ಕೂಸಪ್ಪನ ಹೆಂಡತಿ ಸರಸ ಮತ್ತು ಇಬ್ಬರು ಗಂಡುಮಕ್ಕಳೂ ಕ್ರಯಪತ್ರಕ್ಕೆ ರುಜು ಹಾಕಬೇಕೆಂದು ಒಪ್ಪಿಸಿದ. ಹೆಂಡತಿ ಮಕ್ಕಳೇ ಒಪ್ಪಿದ ಮೇಲೆ ತಕರಾರು ಎತ್ತುವವರು ಯಾರು? ಈ ಬುದ್ಧಿವಂತಿಕೆಯ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೂ ಇತ್ತು, ಪಾಪ.

ಸೋಮವಾರ ರಿಜಿಸ್ಟ್ರಿ ಎಂದು ನಿಶ್ಚಯವಾಯಿತು. ಗುರುವಾರ ಜೋಕಿಮ್ ಕಾಗದಗಳ ಕಟ್ಟು ಹಿಡಿದು ಉಡುಪಿಗೆ ಹೋದ. ಅಲ್ಲಿ ಕಚೇರಿಯ ಎದುರಿನ ಜಗಲಿಯಲ್ಲಿ ಮೂವತ್ತು ವರ್ಷಗಳಿಂದ ದಸ್ತಾವೇಜು ಬರೆಯುತ್ತಿದ್ದ ಲೂಯಿಸ್ ಇಗರ್ಜಿಯ ಪರಿಚಯದವ. ಪರರ ಆಸ್ತಿಯ ಜಗಳ ಕೇಳಿ ಕೇಳಿ ಬೇಸತ್ತ ಮುದುಕ. ಕಾಗದಗಳನ್ನು ಒಂದೊಂದಾಗಿ ಓದಿ ಲೇಖನಿ ಕೆಳಗಿಟ್ಟ.

“ಕೂಸಪ್ಪನಿಗಿಂತ ಮೊದಲು ಪಟ್ಟೆ ಯಾರ ಹೆಸರಿನಲ್ಲಿ ಇತ್ತು?”

“ಲೂಯಿಸ್ ಬಾಬ್, ಅವನ ತಾಯಿಯ ಅಣ್ಣನ ಹೆಸರಿನಲ್ಲಿ. ಒಳ್ಳೆಯ ಮಾವ. ಅಳಿಯನಿಗೆ ಮನೆ ಕೊಟ್ಟು ಹೋದ.”

ಲೂಯಿಸ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಕೊಟ್ಟದ್ದಲ್ಲ ಮಾರಾಯ. ಅದು ಅವರ ಕಟ್ಟು, ಕುಲದ ಪದ್ಧತಿ. ಕೂಸಪ್ಪನಿಗೆ ಅಕ್ಕತಂಗಿ ಉಂಟಾ?”

ತಂಗಿ ಒಬ್ಬಳಿದ್ದಾಳೆ, ಕುಶಲಾ ಎಂದು, ಪಡುಬಿದ್ರಿಗೆ ಮದುವೆ ಮಾಡಿ ಕೊಟ್ಟು ಇಪ್ಪತ್ತೈದು ವರ್ಷ ಕಳೆದಿದೆ, ಅವಳಿಗೂ ಈ ಮನೆಗೂ ಎಂತ ಸಂಬಂಧ ಎಂದು ಜೋಕಿಮ್ ಕೇಳಿದ.

ಲೂಯಿಸ್ ನಿಧಾನವಾಗಿ ತಿಳಿಸಿ ಹೇಳಿದ. ನಮ್ಮ ಕ್ರಿಸ್ತಾನರಲ್ಲಿ ಅಪ್ಪನ ಮನೆ ಮಕ್ಕಳಿಗೆ. ಅವರಲ್ಲಿ ಅಳಿಯಸಂತಾನ, ಮನೆ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಕೂಸಪ್ಪನ ಹೆಂಡತಿ ಮಕ್ಕಳಿಗೆ ಅದರಲ್ಲಿ ಹಕ್ಕಿಲ್ಲ. ಹಕ್ಕಿರುವುದು ಕೂಸಪ್ಪನಿಗೆ, ಅವನ ತಂಗಿಗೆ, ತಂಗಿಯ ಮಕ್ಕಳಿಗೆ. ಕೂಸಪ್ಪ ಆ ಕುಟುಂಬದ ಯಜಮಾನ, ಆದ್ದರಿಂದ ಪಟ್ಟೆಯಲ್ಲಿ ಅವನ ಹೆಸರು. ಯಜಮಾನ ಎಂದರೆ ನೋಡಿಕೊಳ್ಳುವವನು. ಮಾರಬೇಕಾದರೆ ಕುಟುಂಬದ ಪ್ರಾಯಕ್ಕೆ ಬಂದವರ ಒಪ್ಪಿಗೆ ಬರಹದಲ್ಲಿ ಬೇಕು.

“ರುಜು ಬೇಡವಾದವರದ್ದೆಲ್ಲ ನೀನು ಹಿಡಿದಿದ್ದೀ. ಬೇಕಾದವಳನ್ನು ಬಿಟ್ಟಿದ್ದೀ.”

“ಸರ್ಟಿಫಿಕೇಟಿನಲ್ಲಿ ಏನೂ ಇಲ್ಲವಲ್ಲ?”

“ಅದರಲ್ಲಿ ರಿಜಿಸ್ಟ್ರಿ ಆದದ್ದು ಮಾತ್ರ ಬರುತ್ತದೆ. ಆ ಮನೆಯಲ್ಲಿ ಯಾರು ಯಾರು ಹುಟ್ಟಿದ್ದಾರೆ ಎಂದು ಬರುವುದಿಲ್ಲ.”

ಜೋಕಿಮನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬೇರೆ ಯಾರಾದರೂ ಬರೆದು ಕೊಡುವುದಿಲ್ಲವೇ ಎಂದು ಕೇಳಿಯೇಬಿಟ್ಟ. ಲೂಯಿಸ್ ಬೇಸರಿಸಲಿಲ್ಲ. ಬರೆದು ಕೊಡುವವರು ಇದ್ದಾರೆ, ಕಚೇರಿಯಲ್ಲಿ ರಿಜಿಸ್ಟ್ರಿಯೂ ಆಗುತ್ತದೆ, ಮಾರುವವನಿಗೆ ಹಕ್ಕು ಉಂಟೋ ಇಲ್ಲವೋ ಎಂದು ಅಲ್ಲಿ ಯಾರೂ ಹುಡುಕುತ್ತ ಕೂರುವುದಿಲ್ಲ ಎಂದ. ಆಮೇಲೆ ತಂಗಿಯ ಮಕ್ಕಳು ಕೋರ್ಟಿಗೆ ಹೋದರೆ ಮನೆಯೂ ಹೋದೀತು, ಹಣವೂ ಹೋದೀತು, ವಾಯಿದೆ ವಾಯಿದೆ ಎಂದು ಅಲೆದು ಕಾಲೂ ಹೋದೀತು ಎಂದ.

ಬಸ್ಸಿಳಿದು ಮನೆಗೆ ನಡೆಯುವಾಗ ಜೋಕಿಮನಿಗೆ ಹೆಜ್ಜೆ ಎತ್ತಿಡುವುದೇ ಬೇಡ ಎನಿಸುತ್ತಿತ್ತು. ಆದದ್ದಾಗಲಿ, ಸೋಮವಾರ ಮುಗಿಸಿಬಿಡುವ ಎಂದು ಹೆಂಡತಿ ಹೇಳಿಯಾಳು ಎಂಬ ಆಸೆ ಇತ್ತು. ಮ್ಯಾಗ್ಡಲಿನ್ ಎಲ್ಲ ಕೇಳಿದಳು. ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು.

“ಬೇಕಾದರೆ ಎಂಟನೆಯ ಸಲವೂ ಆ ಕಲ್ಲು ಎತ್ತಿಸುವ. ಆದರೆ ಸ್ವಂತದ್ದು ಎಂದು ಇಳಿಸಿದ ಮೇಲೆ ಒಬ್ಬಳು ಬಂದು, ಇದು ನನ್ನ ತಾಯಿಯ ಮನೆ, ನೀವು ಹೊರಡಿ ಎಂದರೆ? ಅದು ಮಾತ್ರ ನನ್ನಿಂದ ಆಗುವುದಿಲ್ಲ.”

ಮನೆಯ ವಿಷಯದಲ್ಲಿ ಅವಳು ಇಷ್ಟು ಮಾತಾಡಿದ್ದು ಅದೇ ಮೊದಲು. ಜೋಕಿಮ್ ಮರುದಿನ ಅಂಗಡಿ ತೆರೆಯದೆ ಕೂಸಪ್ಪನಲ್ಲಿಗೆ ಹೋದ.

ಕೂಸಪ್ಪ ಬಲೆ ಸರಿಮಾಡುತ್ತ ಕೂತಿದ್ದ. ತಂಗಿಗೆ ಗೊತ್ತುಂಟಾ ಎಂದು ಕೇಳಿದಾಗ ತಲೆ ಎತ್ತಲಿಲ್ಲ. ಮೋಸ ಮಾಡುವ ಮನಸ್ಸು ಅವನಿಗೆ ಇರಲಿಲ್ಲ ಎಂದು ಜೋಕಿಮನಿಗೆ ಆಗಲೇ ತಿಳಿಯಿತು. ಕೇಳುವುದಕ್ಕೆ ನಾಚಿಕೆ, ಅಷ್ಟೇ.

“ನನ್ನ ಮಕ್ಕಳು ನನ್ನೊಟ್ಟಿಗೆ ಕಡಲಿಗೆ ಬಂದು ಕೈ ಒಡೆದುಕೊಂಡವರು,” ಎಂದ ಕೂಸಪ್ಪ. “ಈ ಮನೆ ನನ್ನ ಕಾಲದ ನಂತರ ತಂಗಿಯ ಮಕ್ಕಳಿಗೆ. ಇವರಿಗೆ ಕೊಡಲಿಕ್ಕೆ ನನ್ನಲ್ಲಿ ಎಂತ ಉಂಟು ಪೊರ್ಬುಗಳೇ?”

ಊರವರು ಕ್ರಿಸ್ತಾನರನ್ನು ಗೌರವದಿಂದ ಹಾಗೆ ಕರೆಯುವುದು. ಜೋಕಿಮನಿಗೂ ಮಕ್ಕಳಿದ್ದರು. ಅವನಿಂದ ಸಿಟ್ಟು ಮಾಡಲಾಗಲಿಲ್ಲ. ತಂಗಿಯ ಹತ್ತಿರ ಒಟ್ಟಿಗೆ ಹೋಗುವ, ನಾನೇ ಮಾತು ತೆಗೆಯುತ್ತೇನೆ ಎಂದ.

ಆದಿತ್ಯವಾರ ಪೂಜೆ ಮುಗಿಸಿ ಜೋಕಿಮ್, ಮ್ಯಾಗ್ಡಲಿನ್, ಕೂಸಪ್ಪ ಮೂವರೂ ಪಡುಬಿದ್ರಿಗೆ ಹೋದರು. ಕುಶಲಾ ಮೀನು ಮಾರಿ ಆಗಷ್ಟೇ ಬಂದಿದ್ದಳು. ಮಗ ಕಿಟ್ಟ, ಮಗಳು ಸ್ವರ್ಣಲತಾ ಇಬ್ಬರೂ ಮನೆಯಲ್ಲಿದ್ದರು, ಇಬ್ಬರಿಗೂ ಇಪ್ಪತ್ತು ದಾಟಿತ್ತು. ಜೋಕಿಮ್ ವಿಷಯ ಹೇಳಿದ. ಕುಶಲಾ ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟಳು. ಆಮೇಲೆ ಅಣ್ಣನ ಕಡೆ ತಿರುಗಿ, ಅತ್ತಿಗೆಯ ರುಜು ಕೇಳಿದವರು ನನ್ನದನ್ನು ಕೇಳಲಿಲ್ಲ, ನಾನು ಸತ್ತೆನೆಂದು ಎಣಿಸಿದಿರಾ ಎಂದಳು. ಕಿಟ್ಟ ಮಾರುವುದೇ ಬೇಡ ಎಂದು ಎದ್ದು ಹೋದ. ಮಧ್ಯಾಹ್ನದವರೆಗೆ ಮಾತು ಎಳೆಯಿತು. ಕೊನೆಗೆ ಕುಶಲಾ ತನ್ನ ಷರತ್ತು ಹೇಳಿದಳು. ಬಂದದ್ದರಲ್ಲಿ ಅರ್ಧ ಅಣ್ಣನಿಗೆ, ಅವನು ಅದನ್ನು ತನ್ನ ಮಕ್ಕಳಿಗೆ ಕೊಡಲಿ, ಅರ್ಧ ತನಗೂ ತನ್ನ ಮಕ್ಕಳಿಗೂ. ಮನೆಯಲ್ಲಿ ಕುಟುಂಬದ ದೈವಕ್ಕೆ ಪೂಜೆ ಸಲ್ಲುವ ಮಂಚ ಮೊದಲು ಪಡುಬಿದ್ರಿಗೆ ಬರಬೇಕು. ಎಲ್ಲವೂ ಕಾಗದದಲ್ಲಿ ಇರಬೇಕು.

ಹೇಳುವುದು ಸುಲಭ. ಕಿಟ್ಟನ ಸಿಟ್ಟು ಇಳಿಯಬೇಕು, ದೈವಕ್ಕೆ ದಿನ ನೋಡಬೇಕು, ಲೂಯಿಸ್ ಕರಡು ಬರೆದು ಎಲ್ಲರಿಗೂ ಓದಿ ಹೇಳಬೇಕು. ಕ್ರಿಸ್ಮಸ್ ಬಂದೇಬಿಟ್ಟಿತು. ಜೋಕಿಮನ ಸಂಸಾರ ಎಂಟನೆಯ ಬಾಡಿಗೆ ಮನೆಗೆ ಹೋಯಿತು. ಒಂದೇ ಕೋಣೆ, ರುಬ್ಬುವ ಕಲ್ಲಿಗೆ ಒಳಗೆ ಜಾಗವಿಲ್ಲ, ಗೋಣಿ ಹೊದ್ದು ಅಂಗಳದಲ್ಲೇ ಬಿದ್ದಿತ್ತು. ಉಡುಪಿಗೆ ಎಷ್ಟು ಸಲ ಹೋಗಿಬಂದೆ ಎಂದು ಜೋಕಿಮ್ ಲೆಕ್ಕವಿಡುವುದನ್ನೇ ಬಿಟ್ಟ. ಬೇಡಪ್ಪಾ ಈ ಸ್ವಂತ ಮನೆ ಎಂದು ಎಷ್ಟೋ ದಿನ ಅನಿಸಿತು.

ಎಪ್ರಿಲ್ ಕೊನೆಗೆ ಎಲ್ಲರೂ ರಿಜಿಸ್ಟ್ರಿ ಕಚೇರಿಯಲ್ಲಿ ಸೇರಿದರು. ಕೂಸಪ್ಪ ರುಜು ಹಾಕಿದ. ಕಿಟ್ಟ, ಸ್ವರ್ಣಲತಾ ಹಾಕಿದರು. ಕುಶಲಾ ಎಡಗೈ ಹೆಬ್ಬೆಟ್ಟಿಗೆ ಮಸಿ ತಾಗಿಸಿ ಕಾಗದದ ಮೇಲೆ ಒತ್ತಿದಳು. ಬೆರಳು ಒರೆಸಿಕೊಳ್ಳುತ್ತ ಆ ಗುರುತನ್ನೇ ನೋಡಿದಳು.

“ಇಷ್ಟೇ ಅಲ್ವಾ ಅಣ್ಣ? ಬಂದು ಒಂದು ಮಾತು ಕೇಳಿದ್ದರೆ ಅಂದೇ ಒತ್ತುತ್ತಿದ್ದೆ.”

ಕೂಸಪ್ಪ ಎಲ್ಲರ ಎದುರೇ ಅತ್ತುಬಿಟ್ಟ.

ಕೂಸಪ್ಪನ ಸಂಸಾರ ಉಚ್ಚಿಲದಲ್ಲಿ ಸರಸಳ ತಾಯಿಯ ಕಡೆಯ ಜಾಗಕ್ಕೆ ಹೋಯಿತು. ಅದರ ಮರುದಿನ ಜೋಕಿಮ್ ರುಬ್ಬುವ ಕಲ್ಲನ್ನು ಹೊಸ ಅಡುಗೆಕೋಣೆಯಲ್ಲಿ ಇಳಿಸಿದ. ಈ ಸಲ ಮ್ಯಾಗ್ಡಲಿನ್ ಬೇರೆ ಕಡೆ ನೋಡಲಿಲ್ಲ. ಎಲ್ಲಿ ಇಡಬೇಕೆಂದು ಅವಳೇ ಕೈ ತೋರಿಸಿದಳು.

ಮನೆ ಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ದಣಿವಾಗಿದೆ ಎಂದು ಗೊತ್ತುಂಟು. ಬೇಗ ಮುಗಿದರೆ ಸಾಕು ಎನಿಸುವ ಆ ಹೊತ್ತಿನಲ್ಲೇ ತಪ್ಪಾಗುವುದು. ಪಟ್ಟೆಯಲ್ಲಿ ಈಗಿರುವ ಹೆಸರು ನೋಡಿ ಎದ್ದು ಬರಬೇಡಿ, ಅದರ ಹಿಂದೆ ಯಾರ ಹೆಸರಿತ್ತು, ಅದು ಇವರಿಗೆ ಹೇಗೆ ಬಂತು ಎಂದು ಕೇಳಿ. ನಿಮ್ಮ ಮನೆಯ ಕಟ್ಟೇ ಮಾರುವವರ ಮನೆಯಲ್ಲೂ ಇರುತ್ತದೆ ಎಂದು ಎಣಿಸಬೇಡಿ, ಕಾನೂನು ಬಲ್ಲವರಿಗೆ ತೋರಿಸಿ. ರಿಜಿಸ್ಟ್ರಿ ಆಯಿತು ಎಂದ ಮಾತ್ರಕ್ಕೆ ಹಕ್ಕು ಬಂತು ಎಂದಲ್ಲ. ಆ ಮನೆಯಲ್ಲಿ ಹುಟ್ಟಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಯಾರಿದ್ದಾರೆ ಎಂದು ವಿಚಾರಿಸಿ, ಅವರ ಬಾಗಿಲಿಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ರುಬ್ಬುವ ಕಲ್ಲು ಆಮೇಲೆ ಇಳಿಯಲಿ.